ಗ್ಯಾರಂಟಿ ಧರ್ಮವೀರ

ಹಾನಗಲ್ಲಿನ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಪ್ರಭುವಿಗೆ ಲೋಕದ ಮೇಲೆ ಒಂದೇ ಒಂದು ಸಿಟ್ಟು. ತನ್ನಂಥ ಸತ್ಯವಂತನನ್ನು ಯಾರೂ ಗುರುತಿಸುವುದಿಲ್ಲ ಎಂಬುದು. ("ಬಣ್ಣ ಬಿಡೂದಿಲ್ರಿ ಅಕ್ಕಾರ, ಗ್ಯಾರಂಟಿ" ಎಂದು ಆತ ಮಾರಿದ ಸೀರೆಗಳು ಧರ್ಮಾ ನದಿಯ ನೀರನ್ನು ಆಗಾಗ ಕೆಂಪು, ಹಸಿರು ಮಾಡಿದ್ದು ಬೇರೆ ಮಾತು. ಅದು ವ್ಯಾಪಾರ. ವ್ಯಾಪಾರಕ್ಕೂ ಸತ್ಯಕ್ಕೂ ಬೀಗತನ ಇಲ್ಲ ಎಂಬುದು ಆತನ ಘನಸಿದ್ಧಾಂತ.)

ಆದ್ದರಿಂದ ಮೊಬೈಲ್ ರಿಪೇರಿಯ ಆಸೀಮ ಹೊಸ ಆಟವೊಂದನ್ನು ತರಿಸಿದಾಗ ಪ್ರಭುವಿನ ಭಾಗ್ಯದ ಬಾಗಿಲು ತೆರೆಯಿತು. ಭಾನುವಾರ ಮಧ್ಯಾಹ್ನ ಪ್ರಭುವಿನ ಮನೆಯ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಂದಲೇ ಕಥೆ ಕಟ್ಟುತ್ತ ಆಡುವ ಆಟ. ಕಥೆ ನಡೆಸುವವನು ಆಸೀಮ. ಯುದ್ಧ ಬಂದರೆ ಇಪ್ಪತ್ತು ಮುಖದ ದಾಳ ಒಗೆಯಬೇಕು, ಬಿದ್ದ ಅಂಕಿಯ ಮೇಲೆ ಗೆಲುವು ಸೋಲು. ಪ್ರಭುವಿನ ಹೆಂಡತಿ ಶೀಲಾ ಕಳ್ಳಿಯ ಪಾತ್ರ ಆರಿಸಿಕೊಂಡಳು. "ಹೊಸದಾಗಿ ಏನ್ ಕಲಿಯೂದೈತಿ? ಮದುವಿ ಆದಾಗಿಂದ ಇವರ ಕಿಸೆದಾಗ ರೂಢಿ ಆಗೇತಿ" ಎಂದಳು.

ಪ್ರಭು ಆರಿಸಿದ್ದು ಧರ್ಮವೀರ, ಅಂದರೆ ದೇವರ ಹೆಸರಿನಲ್ಲಿ ಕತ್ತಿ ಹಿಡಿಯುವ ಯೋಧ. ಅವನಿಗೆ ಕಠಿಣ ನೇಮಗಳಿದ್ದವು. ಆಯುಧ ಕೆಳಗಿಟ್ಟವನನ್ನು ಹೊಡೆಯಬಾರದು, ಆಸರೆ ಕೇಳಿದವರನ್ನು ಕೈಬಿಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಸುಳ್ಳು ಹೇಳಬಾರದು. ನೇಮ ತಪ್ಪಿದರೆ ದೇವರು ಕೊಟ್ಟ ಶಕ್ತಿ ಹೋಗಿಬಿಡುತ್ತದೆ. ಶಕ್ತಿ ಏನೆಂದರೆ, ಧರ್ಮವೀರ ಕೈ ಇಟ್ಟರೆ ಎಂಥ ರೋಗವೂ ವಾಸಿ.

ನಿಜ ಹೇಳಬೇಕೆಂದರೆ ಪ್ರಭುವಿಗೆ ಬೇಕಾಗಿದ್ದು ಕತ್ತಿಯಲ್ಲ, ಆ ಕೈ. ಪಕ್ಕದ ಮಂಚದ ಮೇಲೆ ಅಕ್ಕ ಗುತ್ತೆವ್ವ ಮಲಗಿದ್ದಳು. ಅವ್ವ ತೀರಿಕೊಂಡಾಗ ಪ್ರಭುವಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಎತ್ತಿ ಆಡಿಸಿ ಸಾಕಿದವಳು ಈ ಅಕ್ಕ. ಹಿರೇಕೆರೂರಿನಿಂದ ಹೊಟ್ಟೆನೋವೆಂದು ಬಂದವಳನ್ನು ಆತ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ಡಾಕ್ಟರು ಆತನೊಬ್ಬನನ್ನೇ ಒಳಗೆ ಕರೆದು, "ತಡ ಆಗೇತ್ರಿ. ಮನೀಗೆ ಕರ್ಕೊಂಡು ಹೋಗ್ರಿ. ಬಾಯಿಗೆ ರುಚಿ ಅನಿಸಿದ್ದು ತಿನ್ನಲಿ" ಎಂದಿದ್ದರು. ಆತ ದವಾಖಾನೆಯ ಹಿಂದೆ ನಿಂತು ಅತ್ತು, ಮುಖ ತೊಳೆದು, ಅಕ್ಕನ ಹತ್ತಿರ ಬಂದು ಹೇಳಿದ್ದು ಇಷ್ಟು:

"ಬರೇ ಗ್ಯಾಸ್ಟಿಕ್ ಅಕ್ಕಾ. ಗ್ಯಾರಂಟಿ."

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಗ್ಯಾಸ್ಟಿಕ್ ಎಂದ ಮೇಲೆ ಖಾರ ಕೊಡುವುದು ಹೇಗೆ? ಬೇಕಾದ್ದು ತಿನ್ನು ಎಂದರೆ ಅಕ್ಕನಿಗೆ ಸಂಶಯ ಬರುತ್ತದೆ. ಹಾಗಾಗಿ ಮಿರ್ಚಿ ಭಜಿಗಾಗಿ ಜೀವ ಬಿಡುವ ಗುತ್ತೆವ್ವನಿಗೆ ಪ್ರಭು ತಾನೇ ಎದುರು ಕೂತು ಗಂಜಿ ಕುಡಿಸತೊಡಗಿದ. ಸವಣೂರಿನಿಂದ ಯಾರೋ ತಂದುಕೊಟ್ಟ ಖಾರದ ತಿಂಡಿಯ ಪೊಟ್ಟಣವನ್ನು ಅಟ್ಟದ ಮೇಲೆ ಬಚ್ಚಿಟ್ಟ. ಅಕ್ಕ ಮುಖ ಸಿಂಡರಿಸಿಕೊಂಡು ಗಂಜಿ ಕುಡಿಯುವಾಗ ಆತನ ಕರುಳು ಕಿತ್ತು ಬರುತ್ತಿತ್ತು.

ಅಂಥದೊಂದು ಭಾನುವಾರ ಅಕ್ಕ ತಾನೂ ಆಡುತ್ತೇನೆ ಎಂದಳು. ಆಸೀಮ ಆಕೆಯನ್ನು ಕಥೆಯೊಳಗಿನ ಊರ ಮುದುಕಿ ಮಾಡಿದ.

"ಈ ಧರ್ಮವೀರ ಅಂದ್ರ ನಮ್ಮ ಪುರವಂತ ಇದ್ದಂಗೇನೋ?" ಎಂದು ಕೇಳಿದಳು ಗುತ್ತೆವ್ವ. "ವೀರಭದ್ರದೇವರ ಮುಂದ ಕತ್ತಿ ಹಿಡಿಯಾಂವ ಸುಳ್ಳ ಆಡಿದ್ರ ಶಸ್ತ್ರ ಚುಚ್ಚಿದಲ್ಲೆ ರಕ್ತ ಬರ್ತೈತಿ ಅಂತಿದ್ದ ಅಪ್ಪ."

"ಹಂಗ ಅಕ್ಕಾ!" ಪ್ರಭುವಿಗೆ ಉಮೇದು ಉಕ್ಕಿತು. ಆಗಲೇ ಆತನ ತಲೆಗೆ ಆ ದಿವ್ಯ ವಿಚಾರ ಹೊಳೆದದ್ದು. "ಆಸೀಮಾ, ಒಂದ್ ಹೊಸಾ ನೇಮ ಬರಕೋ. ಈ ಮೇಜಿನ ಮುಂದ ಕುಂತಿರೂತನಕ ಧರ್ಮವೀರನ ನೇಮ ನನಗೂ ಲಾಗೂ. ಸುಳ್ಳ ಹೇಳಿದ್ರ ನನ್ನ ಶಕ್ತಿ ಹೋಗಲಿ!"

"ಬ್ಯಾಡ ಪ್ರಭಣ್ಣ," ಎಂದ ಆಸೀಮ.

"ನಿಮಗ್ಯಾಕ ಬೇಕ್ರಿ ಈ ಉಸಾಬರಿ?" ಎಂದಳು ಶೀಲಾ.

ಕೇಳಿದರೆ ಆತ ಪ್ರಭು ಹೇಗಾದಾನು? ಎದೆ ಸೆಟೆಸಿ ಕೂತ. ಊರ ಮುದುಕಿ ದಿಂಬಿಗೆ ಒರಗಿ ಕೈ ಮುಗಿದಳು.

"ಧರ್ಮವೀರಾ, ನಿನ್ನ ಆಸರಿ ಕೇಳಿ ಬಂದೇನಿ. ಹುಬ್ಬಳ್ಳಿ ಡಾಕ್ಟರ್ ಏನಂದ ಹೇಳಪಾ."

ಪ್ರಭು ಮುಂದಿದ್ದ ದಾಳವನ್ನು ಒಮ್ಮೆ ಹೊರಳಿಸಿದ. ಶೀಲಾ ಕಿಟಕಿಯ ಕಡೆ ನೋಡಿದಳು.

"ಗ್ಯಾಸ್ಟಿಕ್ ಅಕ್ಕಾ," ಎಂದ ಪ್ರಭು. "ಗ್ಯಾರಂಟಿ."

ಆಸೀಮ ತಲೆ ತಗ್ಗಿಸಿ ದಾಳವನ್ನು ಆತನ ಮುಂದಿನಿಂದ ಎತ್ತಿಕೊಂಡ. "ಶಕ್ತಿ ಹೋತು ಪ್ರಭಣ್ಣ."

"ಸುಳ್ಳಂತ ನಿನಗ ಯಾರ್ ಹೇಳಿದ್ರಲೇ?"

"ನಾ ಹೇಳ್ತೇನಿ," ಎಂದಳು ಗುತ್ತೆವ್ವ. "ನೀ ಗ್ಯಾರಂಟಿ ಅಂದ ಸೀರಿ ಒಂದರ ಬಣ್ಣ ಹಿಡದೈತೇನೋ? ಹುಬ್ಬಳ್ಳಿಂದ ಬರೋ ಮುಂದ ಬಸ್ಸಿನ್ಯಾಗ ಕಿಡಕಿ ಸೀಟು ನನಗ ಬಿಟ್ಟಿ. ಹುಟ್ಟಿದಾಗಿಂದ ಒಮ್ಮೆರ ಬಿಟ್ಟಿದ್ದೇನು? ನನಗ ಅವತ್ತ ತಿಳೀತು."

ಆಸೀಮ ಮೆಲ್ಲಗೆ, ನೇಮ ತಪ್ಪಿದವನಿಗೂ ದಾರಿ ಇದೆ, ಸುಳ್ಳು ಕೇಳಿಸಿಕೊಂಡವರು ಹೇಳಿದ ಪ್ರಾಯಶ್ಚಿತ್ತ ಮಾಡಿದರೆ ಶಕ್ತಿ ಮರಳುತ್ತದೆ ಎಂದ.

"ಹಂಗಾರ ಕೇಳು," ಎಂದಳು ಅಕ್ಕ. "ನಾ ಹೋದ ಮ್ಯಾಲ ಹಿರ್ಯಾರ ಹಬ್ಬಕ್ಕ ನನಗ ಎಡಿ ಇಡ್ತಿ. ನನಗ ಸೇರೂದೆಲ್ಲಾ ಮಾಡಿಸಿ ಇಟ್ಟು ಕೈ ಮುಗಿತಿ. ತಿನ್ನಾಕ ಬರೂದು ಕಾಗಿ. ಆ ಎಡಿ ನನಗ ಈಗ ಇಡು. ಮಿರ್ಚಿ ತಗೊಂಬಾ. ಎಡಿಗೆ ಸೀರಿ ಇಡೂ ಪದ್ಧತಿ ಐತಿ, ಅದೊಂದ್ ಬ್ಯಾಡ. ನಿನ್ನ ಅಂಗಡಿ ಸೀರಿ ಉಟಗೊಂಡು ಶಿವನ ಮುಂದ ನಿಂತ್ರ ಮೈಯೆಲ್ಲಾ ನೀಲಿ ಆಗಿರ್ತೈತಿ."

ಪ್ರಭು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಭಜಿ ಗಾಡಿಯ ಮಾಬೂಬಿ ಎಣ್ಣೆಗೆ ಮಿರ್ಚಿ ಬಿಡುತ್ತ ಕೇಳಿದಳು, "ಗುತ್ತೆವ್ವಾರಿಗೇನ್ರಿ? ಬೀಜ ತಗೀದಂಗ ಮಾಡ್ತೇನಿ ತಡೀರಿ. ಯಾವತ್ತೂ ಶೀಲವ್ವಾರು ಸೆರಗಿನ್ಯಾಗ ಮುಚಗೊಂಡು ಒಯ್ತಿದ್ರು, ಇವತ್ತ ನೀವ ಬಂದ್ರಿ?" ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಅಯ್ಯ ನನ್ನ ಬಾಯಿಗಿಷ್ಟು! ನಿಮಗ ಹೇಳಬಾರದು ಅಂದಿದ್ರು."

ಬಿಸಿ ಪೊಟ್ಟಣ ಹಿಡಿದು ಮನೆಗೆ ಬಂದ ಪ್ರಭು ಬಾಗಿಲಲ್ಲೇ ಹೆಂಡತಿಯನ್ನು ತಡೆದ. "ಅಕ್ಕಗ ಗೊತ್ತಿತ್ತು ಅನ್ನೂದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಆಸೀಮಗೂ ಗೊತ್ತಿತ್ತು," ಎಂದಳು ಶೀಲಾ. "ಅಕ್ಕಾರ ಹೇಳಬ್ಯಾಡಂದ್ರು. ನನ್ನ ತಮ್ಮನ ಕೈಲೆ ತಡಕೊಳ್ಳಾಕ ಆಗೂದಿಲ್ಲ, ಅಂವಗ ಗ್ಯಾಸ್ಟಿಕ್ಕಂತನ ಇರ್ಲಿ ಬಿಡು ಅಂದ್ರು."

ಇಷ್ಟು ದಿನ ಪ್ರಭು ಎದೆಯಲ್ಲಿ ಕಲ್ಲು ಹೊತ್ತು ಕಾಪಾಡಿದ ಮಹಾರಹಸ್ಯವನ್ನು ಮನೆಯವರೆಲ್ಲ ಸೇರಿ ಅವನಿಂದಲೇ ಕಾಪಾಡುತ್ತಿದ್ದರು. ಊರಿಗೆಲ್ಲ ಟೋಪಿ ಹಾಕುವವನಿಗೆ ಮನೆಯಲ್ಲೇ ಟೋಪಿ. ನಗಬೇಕೋ ಅಳಬೇಕೋ ತಿಳಿಯದೆ ಆತ ಅಕ್ಕನ ಮುಂದೆ ತಟ್ಟೆ ಇಟ್ಟ.

"ಹಂಗಾರ ಗಂಜಿ ಯಾಕ ಕುಡದಿ ಅಕ್ಕಾ?"

"ನಿನಗ ಸಮಾಧಾನ ಆಗಲಿ ಅಂತ. ಕದ್ದು ತಿಂದ್ರ ರುಚಿ ಐತಿ ಖರೆ, ಆದ್ರ ನಿನ್ನ ಕೈಲೆ ತಿನ್ನೂದಿತ್ತು." ಆಕೆ ಮಿರ್ಚಿಯ ತುದಿ ಕಚ್ಚಿ, ಕಣ್ಣು ಮುಚ್ಚಿ ಸವಿದು, ಉಳಿದದ್ದನ್ನು ಆತನ ಬಾಯಿಗೆ ಇಟ್ಟಳು. ಪ್ರಭು ಅಗಿದ. ಕಣ್ಣಿಂದ ನೀರು ಸುರಿಯತೊಡಗಿತು.

"ಖಾರ ಹತ್ತಿತೇನೋ?"

ಹೂಂ ಎನ್ನಲು ಬಾಯಿ ತೆರೆದ. ಮೇಜಿನ ಮೇಲಿನ ದಾಳ ಕಣ್ಣಿಗೆ ಬಿತ್ತು.

"ಇಲ್ಲಕ್ಕಾ. ಖಾರ ಅಲ್ಲ. ಅಳಾಕತ್ತೇನಿ."

ಆಸೀಮ ದಾಳವನ್ನು ಮತ್ತೆ ಆತನ ಮುಂದೆ ಸರಿಸಿದ.

"ಶಕ್ತಿ ಹೊಳ್ಳಿ ಬಂತ ನೋಡು," ಎಂದಳು ಗುತ್ತೆವ್ವ. ಆತನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಪ್ರಭು ಉಸಿರು ಬಿಗಿ ಹಿಡಿದು, ಚಿಕ್ಕಂದಿನಲ್ಲಿ ದೇವರ ಮುಂದೆ ಕೂತಂತೆ ಕೂತ. (ಊರ ಮುದುಕಿಯ ಪಾತ್ರಕ್ಕೆ ಸತ್ಯದ ನೇಮವೇನೂ ಇರಲಿಲ್ಲ.)

"ನೋವು ಕಮ್ಮಿ ಆತೇನಕ್ಕಾ?"

"ಆತೋ ತಮ್ಮಾ," ಎಂದಳು ಅಕ್ಕ. "ಗ್ಯಾರಂಟಿ."