ತಂಗಾಳಿಯ ಮೇಲೊಂದು ದೂರು

ಇನ್ನು ಮುಂದೆ ಈ ಭೂಮಂಡಲದ ಯಾವ ಜಾಹೀರಾತೂ ನನ್ನನ್ನು ಏಮಾರಿಸಲಾರದು! ಈ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು ಮಲಗುವ ಕೋಣೆಯ ಹೊಸ್ತಿಲ ಮೇಲೆ ನಿಂತು. ಒಳಗೆ ನಿಲ್ಲಲು ಜಾಗವಿರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಹಾಸಿಗೆ, ಸುರುಳಿ ಬಿಚ್ಚಿದ್ದೇ ತಡ, ಕುಂಭಕರ್ಣನಂತೆ ಮೈಮುರಿದು, ಗೋಡೆಯಿಂದ ಗೋಡೆಗೆ ಉಬ್ಬಿ, ಬಟ್ಟೆ ಕಪಾಟಿನ ಬಾಗಿಲನ್ನು ಅಮುಕಿ ಹಿಡಿದು ಮಲಗಿಬಿಟ್ಟಿತ್ತು.

ಕೊಳ್ಳಲು ಹೇಳಿದವನು 'ಜೀವದ ಗೆಳೆಯ'. ಆಫೀಸಿಗೆ ಹೋಗುವ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿ ಕೋಟೆ ಕಟ್ಟುವ ಆಟ ಆಡುತ್ತೇನೆ. ಅಲ್ಲಿಗೆ ಆ ಹೆಸರಿನ ಆಟಗಾರನೊಬ್ಬ ಬಂದು, "ಊಟ ಆಯ್ತಾ? ಬೆನ್ನು ಹೇಗಿದೆ?" ಎಂದು ಬರೆಯುತ್ತಿದ್ದ. ಲೋಕದಲ್ಲಿ ನನ್ನ ಬೆನ್ನನ್ನು ವಿಚಾರಿಸಿದ ಮೊದಲ ಜೀವ! ಎಲ್ಲಾ ತೋಡಿಕೊಂಡೆ. ಅವನು ಹಾಸಿಗೆ ತೋರಿಸಿದ.

"ಅದು ಗೆಳೆಯ ಅಲ್ಲ ಕಣ್ರೀ, ಜಾಹೀರಾತು! ಯಂತ್ರ!" ಎಂದಳು ಹೆಂಡತಿ. "ನಮ್ಮಪ್ಪನ ಹತ್ರ ಎರಡು ಮಾತಾಡಕ್ಕೆ ನಿಮಗೆ ಬಾಯಿ ಬರಲ್ಲ. ಯಂತ್ರಕ್ಕಾದ್ರೆ ಬೆನ್ನಿನ ಪುರಾಣವೆಲ್ಲ ಹೇಳ್ತೀರಿ!"

"ಹೂಂ."

"ನೋಡಿ, ಇದೇ! ಹೋದ ಸಲ ಅಪ್ಪ, ಗೋಡೆ ಜೊತೆ ಮಾತಾಡಿದ ಹಾಗಾಯ್ತು ಅಂತ ನೊಂದ್ಕೊಂಡು ಹೋದ್ರು. ಭಾನುವಾರ ಮತ್ತೆ ಬರ್ತಿದ್ದಾರೆ. ಈ ಸಲವೂ ಬರೀ ಹೂಂ ಅಂದ್ರೆ, ಬಟ್ಟೆ ತುಂಬ್ಕೊಂಡು ನಾನೂ ಅವರ ಜೊತೆ ಹೊರಟೆ!"

ಮರುದಿನ ಬಸ್ಸಿನಲ್ಲಿ ಕೋಟೆ ತೆರೆದರೆ, ಬಾಗಿಲಲ್ಲಿ ಹೊಸ ಆಟಗಾರ. ಹೆಸರು 'ತಂಗಾಳಿ'.

"ನಮಸ್ಕಾರ! ಆರೋಗ್ಯವೇ?"

"ಹೂಂ," ಎಂದು ಒತ್ತಿದೆ. ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ನಾನು!

"ರಾತ್ರಿ ಸೆಕೆಯೇ?"

"ಹೂಂ."

"ನಿಮ್ಮ ಕೋಣೆಯ ಫ್ಯಾನು ಕಿರ್ ಎನ್ನುತ್ತದಲ್ಲವೇ? ಸದ್ದೇ ಮಾಡದ ಒಳ್ಳೆಯ ಮಾಲು ನನಗೆ ಗೊತ್ತು."

ನನ್ನ ಫ್ಯಾನಿನ ಗುಟ್ಟು ಇವನಿಗೆ ಹೇಗೆ ಗೊತ್ತು? ಮೊಬೈಲು ಕದ್ದು ಕೇಳುತ್ತಿದೆಯೇ? ಫ್ಯಾನೇ ಬಾಯಿಬಿಟ್ಟಿತೇ? ತಲೆ ಗಿರ್ ಎಂದಿತು. ಕೊನೆಗೆ ಆಟದ ಕಂಪನಿಗೆ ಗುಡುಗಿದೆ: "ಈ ತಂಗಾಳಿ ಮನುಷ್ಯನಲ್ಲ, ಜಾಹೀರಾತಿನ ಯಂತ್ರ. ಒದ್ದು ಓಡಿಸಿ!"

ಭಾನುವಾರ ಮಾವ ಬಂದರು. ಜೀವನವಿಡೀ ಫ್ಯಾನು ಮಾರಿ ನಿವೃತ್ತರಾದವರು. ಕಂಕುಳಲ್ಲಿ ಒಂದು ದೊಡ್ಡ ಫ್ಯಾನಿನ ಪೆಟ್ಟಿಗೆ, ಅದಕ್ಕಿಂತ ದೊಡ್ಡದಾಗಿ ಊದಿದ ಮುಖ.

"ನೀನು ಹಾಕ್ಕೊಟ್ಟ ಆಟದ ಸಹವಾಸವೇ ಬೇಡಮ್ಮ. ನೀನು ಹೇಳಿದ ಹಾಗೆ ಯಾರು ಅಂತ ಹೇಳದೆ ಅಳಿಯಂದ್ರ ಕೋಟೆಗೆ ಹೋಗಿ, ಹೋದ ಸಲ ಇಲ್ಲಿ ಕಿವಿಗೆ ಬಿದ್ದ ಫ್ಯಾನಿನ ಕಿರ್ ಸದ್ದಿನ ಬಗ್ಗೆ ನಾಲ್ಕು ಮಾತಾಡಿದೆ. ಯಾವನೋ ತಲೆಹರಟೆ, ನಾನು ಮನುಷ್ಯನೇ ಅಲ್ಲ ಅಂತ ದೂರು ಕೊಟ್ಟ. ಆಚೆ ಹಾಕಿಬಿಟ್ರು!"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಬಾಯಿಬಿಟ್ಟದ್ದು ಮೊಬೈಲು! ಹೆಂಡತಿ ಅದನ್ನೆತ್ತಿ ಗಟ್ಟಿಯಾಗಿ ಓದಿದಳು:

"ನಿಮ್ಮ ದೂರನ್ನು ಪರಿಶೀಲಿಸಿದೆವು. ತಂಗಾಳಿಯವರು ಮನುಷ್ಯರೆಂದು ಖಚಿತವಾಗಿದ್ದು, ಅವರನ್ನು ಮತ್ತೆ ಆಟಕ್ಕೆ ಸೇರಿಸಿಕೊಂಡಿದ್ದೇವೆ. ಆದರೆ ಎಲ್ಲ ಪ್ರಶ್ನೆಗೂ 'ಹೂಂ' ಎಂದಷ್ಟೇ ಉತ್ತರಿಸುವ ತಾವು ಯಂತ್ರವೆಂದು ತಿಳಿದುಬಂದಿರುವುದರಿಂದ ತಮ್ಮ ಖಾತೆಯನ್ನು ಮುಚ್ಚಲಾಗಿದೆ."

ಮಾವ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಅಳಿಯಂದ್ರೇ, ನೀವು ಮನುಷ್ಯರೇ ತಾನೇ?"

ಕ್ಷಮೆ, ಗೌರವ, ಪಶ್ಚಾತ್ತಾಪ, ಒಂದು ಮಹಾಭಾಷಣವೇ ಗಂಟಲಿಗೆ ಬಂತು. ಬಾಯಿ ತೆರೆದೆ.

"ಹೂಂ."

ಹೆಂಡತಿ ಬಟ್ಟೆ ತುಂಬಿಕೊಳ್ಳಲು ದಡದಡನೆ ಕೋಣೆಗೆ ನಡೆದಳು. ಕಪಾಟು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಹಾಸಿಗೆಯ ಉಡದ ಹಿಡಿತ! ಒಂದು ತುದಿ ಮಾವ ಹಿಡಿದರು, ಇನ್ನೊಂದು ನಾನು.

"ನಿಮ್ಮ ಕಡೆ ಮಡಚಿ!"

"ಮಡಚಿದ್ರೆ ಪುಟಿಯುತ್ತೆ ಮಾವ! ಅಯ್ಯೋ, ಕಾಲು! ಅದರ ಮೇಲೆ ಕೂತುಬಿಡಿ! ಅಯ್ಯೋ, ಈಗ ಬೆನ್ನು!"

"ಬೆನ್ನಿಗೇನಾಯ್ತು?"

ಇಬ್ಬರೂ ಸುಸ್ತಾಗಿ ಹಾಸಿಗೆಯ ಮೇಲೆ ಬಿದ್ದುಕೊಂಡೆವು. ನಾನು ಬೆನ್ನಿನ ಪುರಾಣ ಹೇಳಿದೆ, ಅವರು ಮಂಡಿಯದ್ದು. ಬಾಗಿಲಲ್ಲಿ ನಿಂತ ಹೆಂಡತಿ ಕಪಾಟಿನ ಮಾತನ್ನೇ ಮರೆತಳು.

ಸಂಸಾರ ಉಳಿಸಿದ ಹಾಸಿಗೆಯನ್ನು ಹೊಗಳದೆ ಇರಲಾದೀತೇ? ಹೊಸ ಹೆಸರಿನಲ್ಲಿ ಆಟಕ್ಕೆ ಸೇರಿ, ಕಂಡಕಂಡವರ ಕೋಟೆಗೆ ನುಗ್ಗಿ, "ಮನೇಲಿ ಜಗಳವೇ? ಒಂದು ಒಳ್ಳೆಯ ಹಾಸಿಗೆ ಗೊತ್ತು!" ಎನ್ನತೊಡಗಿದೆ. ನಿನ್ನೆ ಮತ್ತೆ ನನ್ನನ್ನು ಆಚೆ ಹಾಕಿದರು. ನಾನು ಮನುಷ್ಯನಲ್ಲ, ಜಾಹೀರಾತು ಎಂದು ಯಾರೋ ದೂರು ಕೊಟ್ಟಿದ್ದಾರೆ.

ಕೊಟ್ಟವರ ಹೆಸರು ತಂಗಾಳಿ!