ಹಳೇ ಕಾರು, ಹೊಸ ಹಗ್ಗ

ನಮ್ಮ ಮನೆಯಲ್ಲಿ ಯಾವ ಸಾಮಾನು ಕೊಳ್ಳಲು ಹೊರಟರೂ ಸಾಮಾನು ಇದ್ದಲ್ಲೇ ಇರುತ್ತದೆ, ತಲೆ ಮಾತ್ರ ನಮ್ಮದು ತಿರುಗುತ್ತದೆ. ಈ ಸಲ ಕೊಳ್ಳಬೇಕಾದದ್ದು ಕಾರು, ಅದೂ ಸೆಕೆಂಡ್ ಹ್ಯಾಂಡು. ಮಗಳಿಗೆ ಗದ್ವಾಲದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿತ್ತು. ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ನಮ್ಮ ಮಕ್ತಲದಿಂದ ಅಷ್ಟು ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ. ಅವಳಿಗೆ ಲೈಸೆನ್ಸು ಬಂದು ಇನ್ನೂ ಎರಡೇ ತಿಂಗಳು. ದಿನಾ ಜುರಾಲಾ ಡ್ಯಾಮಿನ ಮೇಲಿನ ರಸ್ತೆಯಲ್ಲಿ ಒಬ್ಬಳೇ ಹೋಗಿಬರಬೇಕು. ನಾನೋ ಕನ್ನಡ ಮಾಸ್ತರ. ಕಾರಿಗೆ ನಾಲ್ಕು ಗಾಲಿ ಎನ್ನುವುದೊಂದು ಬಿಟ್ಟರೆ ಮತ್ತೇನೂ ಗೊತ್ತಿಲ್ಲ. ಯಾರು ಕೊನೆಗೆ ಮಾತಾಡುತ್ತಾರೋ ಅವರು ಹೇಳಿದ್ದೇ ನನಗೆ ಸರಿ ಕಾಣುತ್ತದೆ.

ಡಾಕ್ಟರ್ ಓಡಿಸಿದ ಗಾಡಿ

ಸ್ಟಾಫ್ ರೂಮಿನಲ್ಲಿ ಒಬ್ಬರು ಪೆಟ್ರೋಲ್ ಅಂದರು, ಒಬ್ಬರು ಡೀಸೆಲ್ ಅಂದರು. ಸಣ್ಣ ಕಾರು ತಿರುಗಿಸಲು ಹಗುರ ಎಂದವರಿಗೆ ನಾನು ತಲೆಯಾಡಿಸಿದೆ. ದೊಡ್ಡ ಕಾರೇ ಗಟ್ಟಿ ಎಂದವರಿಗೂ ಆಡಿಸಿದೆ. ಕಡೆಗೆ ಹೆಡ್ ಮಾಸ್ತರರು, “ಅದೆಲ್ಲಾ ಬಿಡ್ರಿ. ಡಾಕ್ಟರ್ ಓಡಿಸಿದ ಗಾಡಿ ಸಿಕ್ಕರ ಕಣ್ಣು ಮುಚ್ಚಿ ತಗೋರಿ” ಎಂದರು.

ನಾರಾಯಣಪೇಟೆಗೆ ಹೋಗಿ ಏಜೆಂಟನಿಗೆ ಅದನ್ನೇ ಹೇಳಿದೆ. ಆಶ್ಚರ್ಯವೆಂದರೆ, ಅವನು ತೋರಿಸಿದ ಐದು ಕಾರೂ ಡಾಕ್ಟರರವೇ! ಇಷ್ಟು ಡಾಕ್ಟರರು ಇದ್ದೂ ಊರಿಗೆ ಜ್ವರ ಬಂದಾಗ ಒಬ್ಬರೂ ಸಿಗುವುದಿಲ್ಲವಲ್ಲ ಎಂದು ನಾನು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಮಗಳು ಐದನೇ ಕಾರಿನ ಹಿಂದಿನ ಬಾಗಿಲು ತೆರೆದು ಮೂಗು ಮುಚ್ಚಿಕೊಂಡಳು. ಸೀಟಿನ ಸಂದಿಯಲ್ಲಿ ಆಡಿನ ಹಿಕ್ಕೆ.

“ಇದು ಯಾವ ಡಾಕ್ಟರರ ಗಾಡಿರೀ?” ಎಂದೆ.

“ದನದ ಡಾಕ್ಟರದ್ರೀ ಸರ್” ಎಂದ ಅವನು, ಒಂದಿಷ್ಟೂ ಅಳುಕದೆ. “ಭಾಳ ಒಳ್ಳೇ ಮನಿಷಾ. ಪೇಶಂಟಿಗೆ ನಡಿಯಾಕ ಆಗಲಿಲ್ಲಂದ್ರ ತಾವೇ ಕೂಡಿಸ್ಕೊಂಡು ಬರ್ತಿದ್ರು.”

ಇದಕ್ಕಿಂತ ಕಮ್ಮಿ ಓಡೋದು

ನನ್ನ ಹೆಂಡತಿಯದು ಒಂದೇ ಲೆಕ್ಕ. ಜೋರಾಗಿ ಓಡುವುದು ಅಪಾಯ, ಮೆಲ್ಲಗೆ ಓಡುವುದು ಕ್ಷೇಮ. ಮಕ್ತಲದ ಶೆಡ್ಡಿನಲ್ಲಿ ಕಾರು ಮಾರುವಾತ ಹುರುಪಿನಿಂದ, “ಅಮ್ಮಾ, ಇದು ನೂರಾ ನಲವತ್ತರಾಗ ಹೋದ್ರೂ ಅಲುಗಾಡಂಗಿಲ್ರೀ” ಎಂದ. ಇವಳು ಎದೆ ಹಿಡಿದುಕೊಂಡಳು.

“ಅಷ್ಟು ಬ್ಯಾಡಪಾ. ಇದಕ್ಕಿಂತ ಕಮ್ಮಿ ಓಡೋದು ಐತೇನು?”

ಆತ ಇನ್ನೊಂದು ತೋರಿಸಿ, ಇದು ನೂರರ ಮೇಲೆ ಹೋಗುವುದಿಲ್ಲ ಎಂದ.

“ಇನ್ನೂ ಕಮ್ಮಿ?”

ಆತನಿಗೆ ಬೇಸರ ಬಂತು. ಶೆಡ್ಡಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು, ಇಟ್ಟಿಗೆಗಳ ಮೇಲೆ ಕೂತಿದ್ದ ಕಾರಿನತ್ತ ಕೈ ತೋರಿಸಿ, “ಅಗೋ ಅಲ್ಲೈತಿ ನೋಡ್ರಿ. ಅದು ನಾಕ್ ವರ್ಷದಿಂದ ಓಡೇ ಇಲ್ಲ” ಎಂದ.

ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು, ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದಳು: “ಕೇಳ್ರೀ, ಇದಕ ಎಷ್ಟಂತ?”

ಟವೆಲ್ಲಿನ ಕೆಳಗೆ

ತಾರೀಕು ಹತ್ತಿರ ಬಂತು. ಮಗಳ ಮುಖ ಸಣ್ಣದಾಗುತ್ತಿತ್ತು. ಕೆಲಸ ಕೈಬಿಡುತ್ತದೇನೋ ಎಂದು ನನಗೂ ಒಳಗೊಳಗೇ ಹೆದರಿಕೆ. ಆಗ ಪಕ್ಕದ ನರ್ವ ಊರಿನಿಂದ ಅವಳ ಸೋದರಮಾವ ಬಂದ. ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವನು. “ವ್ಯಾಪಾರ ಅಂದ್ರ ವ್ಯಾಪಾರ, ಮಾಸ್ತರ. ಕಾರಾದ್ರೇನು, ಕ್ವಾಣಾದ್ರೇನು?” ಎಂದು ಮುಂದಾಳತ್ವ ವಹಿಸಿದ.

ಅದೇ ಶೆಡ್ಡಿಗೆ ಮತ್ತೆ ಹೋದೆವು. ಕಾರಿನ ವಯಸ್ಸು ತಿಳಿಯಲು ಮಗಳು ಆರ್‌ಸಿ ಕೇಳಿದರೆ, ಮಾವ ಬಾನೆಟ್ ಎತ್ತಿಸಿ ಒಳಗೆ ಬಗ್ಗಿದ. “ಕಾಗದ ಯಾರರ ಬರೀತಾರವ್ವ. ಬಾಯಿ ತೆಗೆದು ಹಲ್ಲು ನೋಡಬೇಕು” ಎಂದ. ಆಮೇಲೆ ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡು ಸಲ ತಟ್ಟಿ, ಕಾರು ಒದೆಯದೆ ನಿಂತದ್ದನ್ನು ನೋಡಿ ಸಮಾಧಾನಪಟ್ಟ.

ಬೆಲೆಯ ಮಾತು ಬಂತು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಅದುಮಿ ಹೇಳುತ್ತಾರೆ. ಮಾವ ಹೆಗಲ ಟವೆಲ್ ತೆಗೆದು, ಮಾರುವಾತನ ಕೈ ಎಳೆದುಕೊಂಡು, ಮೇಲೆ ಹೊದಿಸಿ ಬೆರಳು ಹಿಡಿದ. ಆತ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಮಾವ ಮೂರು ಬೆರಳು ಅದುಮಿದ. ಆತ ಮೈಯೆಲ್ಲ ಮುದುಡಿಕೊಂಡು ಕಿಲಕಿಲ ನಕ್ಕ.

“ನಕ್ಕಾ! ಒಪ್ಪಿದಾ!” ಎಂದು ಮಾವ ನಮ್ಮತ್ತ ತಿರುಗಿ ಗೆದ್ದವನಂತೆ ಕೂಗಿದ.

“ಒಪ್ಪಿಲ್ರೀ! ಕಚಗುಳಿ ಆಗತೈತಿ, ಕೈ ಬಿಡಸ್ರೀ ಯಾರರ!”

ಹಗ್ಗ ಕೊಡಂಗಿಲ್ಲ

ಕಡೆಗೆ ಗದ್ವಾಲದಲ್ಲೇ, ಒಬ್ಬ ಮುದುಕರ ಮನೆಯಲ್ಲಿ ಕಾರು ಸಿಕ್ಕಿತು. ಒಕ್ಕಲುತನ ಮಾಡಿದವರು, ಕಣ್ಣು ಮಂಜಾಗಿದೆ ಎಂದು ಮಾರುತ್ತಿದ್ದರು. ಮಗಳು ಬ್ರೇಕು, ಏರ್‌ಬ್ಯಾಗು, ನಾಲ್ಕು ಟೈರು ಎಲ್ಲಾ ನೋಡಿ, ಮೆಕ್ಯಾನಿಕನಿಗೂ ತೋರಿಸಿ, “ಅಪ್ಪಾ, ಇದು ಚಲೋ ಐತಿ” ಎಂದಳು. ನಾನು ಕೂಡಲೇ ಒಪ್ಪಿದೆ, ಯಾಕೆಂದರೆ ಕೊನೆಗೆ ಮಾತಾಡಿದವಳು ಅವಳೇ. ನನ್ನ ಹೆಂಡತಿ ಮಗಳ ಡ್ಯೂಟಿ, ಆಸ್ಪತ್ರೆ, ಬಿಡುವ ಹೊತ್ತು ಎಲ್ಲವನ್ನೂ ಆ ಅಜ್ಜನಿಗೆ ಹೇಳಿ ಮುಗಿಸಿದಳು.

ಅಜ್ಜ ಒಂದು ಕೀಲಿ ಕೊಟ್ಟರು. ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅಜ್ಜಾರ, ಅದನ್ನೂ ಕೊಡ್ರಿ” ಎಂದಳು ಮಗಳು.

“ಎತ್ತು ಮಾರಿದ್ರೂ ಅದರ ಹಗ್ಗ ಕೊಡಂಗಿಲ್ಲವ್ವ. ಕೊಟ್ಟರ ಮನಿ ಲಕ್ಷ್ಮಿ ಹೋಗತಾಳ.”

“ಖರೇ ಮಾತು!” ಎಂದ ಮಾವ. “ಸಂಪ್ರದಾಯ ತಿಳದವರು ಇವರು.” ನಾನು ಮಗಳಿಗೂ ತಲೆಯಾಡಿಸಿದೆ, ಮಾವನಿಗೂ ಆಡಿಸಿದೆ. ಕೀಲಿ ಅಜ್ಜನ ಸೊಂಟದಲ್ಲೇ ಉಳಿಯಿತು.

ಒಂದನೇ ತಾರೀಕು ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಮಗಳು ಆಸ್ಪತ್ರೆ ಮುಟ್ಟಿದಳು. ಅವಳ ಫೋನ್ ಬರುವವರೆಗೆ ನಾವಿಬ್ಬರೂ ಚಹಾ ಕುಡಿದಿರಲಿಲ್ಲ. ಎರಡು ಗಂಟೆಗೆ ಮತ್ತೆ ಫೋನು.

“ಅಪ್ಪಾ, ಕಾರಿಲ್ಲ! ನಿಲ್ಲಿಸಿದ್ದ ಜಾಗಾ ಖಾಲಿ ಐತಿ!”

ಪೊಲೀಸರಿಗೆ ಹೇಳಬೇಕೋ, ಗದ್ವಾಲಕ್ಕೆ ಓಡಬೇಕೋ ತಿಳಿಯದೆ ಮಾವನಿಗೆ ಫೋನ್ ಹಚ್ಚಿದೆ. ಅವನು ಆರಾಮಾಗಿ ಕೇಳಿಸಿಕೊಂಡ.

“ಗಾಬರಿ ಆಗಬ್ಯಾಡ್ರಿ ಮಾಸ್ತರ. ಹೊಸ ಮನಿ ಇನ್ನಾ ಒಗ್ಗಿಲ್ಲ, ತಪ್ಪಿಸ್ಕೊಂಡು ಹಳೇ ಮನಿಗೆ ಹೋಗಿರತೈತಿ. ಅಲ್ಲೇ ನಿಂತಿರತೈತಿ, ನೋಡಂತ ಹೇಳ್ರಿ.”

“ಅದು ಎತ್ತಲ್ಲೋ, ಕಾರು!” ಎಂದು ಚೀರಿದೆ. ಆದರೂ ಬೇರೆ ದಾರಿ ಕಾಣದೆ ಮಗಳಿಗೆ ಅದನ್ನೇ ಹೇಳಿದೆ. ಅವಳು ಆಟೋ ಹತ್ತಿ ಹೋದಳು.

ಕಾರು ಅಜ್ಜನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಮೈ ತೊಳೆದಿತ್ತು, ಅಜ್ಜಿ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. “ಸ್ಟೆಪ್ನಿ ಸವದಿತ್ತವ್ವ, ಮಾರೋವಾಗ ಮರತೆ” ಎಂದರಂತೆ ಅಜ್ಜ. “ಡ್ಯಾಮಿನ ಮ್ಯಾಲ ಪಂಕ್ಚರ್ ಆದರ ಹುಡುಗಿ ಒಬ್ಬಾಕಿ ಏನ್ ಮಾಡಬೇಕಂತ ನಿದ್ದಿ ಬರಲಿಲ್ಲ. ಮಗ್ಗಲಮನಿಯವನಿಗೆ ಈ ಕೀಲಿ ಕೊಟ್ಟು ಗಾಡಿ ತರಿಸಿ, ಹೊಸಾದು ಹಾಕಸೀನಿ. ಡ್ಯೂಟಿ ಹೊತ್ತಿನಾಗ ನಿನಗ ಯಾಕ ತ್ರಾಸು ಅಂತ ಹೇಳಲಿಲ್ಲ. ಎರಡರೊಳಗ ಬಿಟ್ಟು ಬರ್ತಿದ್ವಿ, ಈಕಿ ಪೂಜಿ ಮುಗೀಲಿಲ್ಲ.”

ಊರೆಲ್ಲ ಅಲೆದು ಹಲ್ಲು ನೋಡಿ, ಬೆರಳು ಅದುಮಿದ ನಮ್ಮಲ್ಲಿ ಒಬ್ಬರೂ ಆ ಐದನೇ ಟೈರು ನೋಡಿರಲಿಲ್ಲ. ಸುದ್ದಿ ಕೇಳಿ ನನ್ನ ಕಣ್ಣು ತುಂಬಿದವು.

ಮರುದಿನ ಬೆಳಕು ಹರಿಯುವ ಮೊದಲೇ ಸೋದರಮಾವ ನರ್ವದಿಂದ ಬಂದಿಳಿದ. ಕೈಯಲ್ಲಿ ಹೊಸ ನೂಲಿನ ಹಗ್ಗ. ಯಾರನ್ನೂ ಕೇಳದೆ ಅದನ್ನು ಕಾರಿನ ಬಂಪರಿಗೆ ಸುತ್ತಿ ನಮ್ಮ ಅಂಗಳದ ಗೂಟಕ್ಕೆ ಕಟ್ಟತೊಡಗಿದ. ಮಗಳು ಡ್ಯೂಟಿಗೆ ಹೊರಟು ನಿಂತು, “ಅಪ್ಪಾ, ನೀವರ ಹೇಳ್ರಿ ಇವರಿಗೆ!” ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಹತ್ತಿರ ಹೋಗಿ, ಬಗ್ಗಿ ನೋಡಿ, ಹೇಳಿಯೇ ಬಿಟ್ಟೆ:

“ಇನ್ನೊಂದು ಗಂಟು ಹಾಕೋ.”