ನೂರಕ್ಕೆ ನೂರು ನ್ಯೂಟ್ರಾನು

ನಾನು ಹೋಗುವಲ್ಲಿಗೆ ನನಗಿಂತ ಮೊದಲೇ ಒಂದು ಫಜೀತಿ ಹೋಗಿ ಜಾಗ ಹಿಡಿದಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕುಷ್ಟಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಪಿಎಚ್.ಡಿ. ಹುಚ್ಚು ಹಿಡಿಸಿಕೊಂಡಿದ್ದೆ. ನ್ಯೂಟ್ರಾನೆಂಬ ಕಣಗಳನ್ನು ಹಿಡಿಯುವ ಯಂತ್ರಕ್ಕೆ ನೂರರಲ್ಲಿ ಎಷ್ಟು ಸಿಗುತ್ತವೆಂದು, ಯಂತ್ರವಿಲ್ಲದೆ ಲೆಕ್ಕದಲ್ಲೇ ಆಡಿಸಿ ತೋರಿಸುವುದು ನನ್ನ ಕೆಲಸ. ಪ್ರಯೋಗದ ಉತ್ತರಕ್ಕೆ ನನ್ನದು ಹೊಂದದಿದ್ದರೆ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತೂತಿನ ಕಾರ್ಡು

ಕಂಪ್ಯೂಟರು ಇದ್ದದ್ದು ಬೆಂಗಳೂರಿನಲ್ಲಿ. ಅದಕ್ಕೆ ಉಣಿಸಲು ತೂತು ಹೊಡೆದ ಕಾರ್ಡುಗಳ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬೆಂಗಳೂರಿನ ದಾರಿ ಹಿಡಿಯಲು ಮೊದಲು ಗಂಗಾವತಿ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಮುಚ್ಚಳ ತೆಗೆಸಿ ನೋಡಿದ.

"ಟಿಕೀಟು ಭಾಳ ಅದಾವ, ಖರೇ. ಆದ್ರ ಎಲ್ಲಾ ತೂತು ಬಿದ್ದಾವ್ರಿ. ಹೊಸಾದೊಂದು ತಗೋರ್ರಿ."

ಪಕ್ಕದ ಸೀಟು

ಪಕ್ಕದಲ್ಲಿದ್ದ ಅಕ್ಕಿ ಗಿರಣಿ ಮಾಲೀಕರು ನನ್ನ ಕಣ, ಯಂತ್ರದ ಕಥೆಯನ್ನೆಲ್ಲ ಹೇಳಿಸಿಕೊಂಡು ಕೇಳಿದರು, "ಆ ಯಂತ್ರ ಎಲ್ಲೈತ್ರಿ?"

"ಕಾಗದದ ಮ್ಯಾಲ."

"ಕಣ?"

"ಅವೂ ಕಾಗದದ ಮ್ಯಾಲ."

"ಇಲ್ಲದ ಕಣ, ಇಲ್ಲದ ಯಂತ್ರ. ಇದಕ್ಕ ಖರೇ ಖರೇ ರಜಾ ಹಾಕಿ ಹೊಂಟೀರಿ!"

ಕವಡೆ

ಬೆಂಗಳೂರಿಗೆ ಹೋದರೆ ಕಂಪ್ಯೂಟರಿನ ಪಾಳಿ ಒಂದು ತಿಂಗಳು ಮುಂದೆ ಹೋಗಿತ್ತು; ಡಬ್ಬಿ ಹೊತ್ತು ಕುಷ್ಟಗಿಗೆ ವಾಪಸಾದೆ. ಅಷ್ಟರೊಳಗೆ ನೂರು ನ್ಯೂಟ್ರಾನನ್ನು ಕೈಯಲ್ಲೇ ಆಡಿಸಿ ನೋಡೆಂದು ಧಾರವಾಡದ ನನ್ನ ಗುರುಗಳು ಬರೆದರು. ಪ್ರತಿಯೊಂದರ ಹಣೆಬರಹವನ್ನೂ ಅದೃಷ್ಟಕ್ಕೆ ಬಿಡಬೇಕಿತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿ ಅಜ್ಜಿ ನಾಲ್ಕು ಕವಡೆ ಹಿಡಿದು ಕೂತರು.

"ನಾ ಹಾಕ್ತೀನಿ, ನೀ ಬರಕೊ. ಏನು ಬಿದ್ರ ಛಲೋ?"

"ನಾಲ್ಕೂ ಅಂಗಾತ ಬಿದ್ದು ನಾಲ್ಕಾದ್ರ, ಇಲ್ಲಾ ನಾಲ್ಕೂ ಬೋರಲ ಬಿದ್ದು ಎಂಟಾದ್ರ ಸಿಕ್ಕಂಗ. ಉಳಿದದ್ದೆಲ್ಲಾ ತಪ್ಪಿಸಿಕೊಂಡಂಗ."

ನೂರಕ್ಕೆ ನೂರೂ ಸಿಕ್ಕವು! ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿ, ಗುರುಗಳಿಗೆ ತಂತಿ ಕಳಿಸಿದೆ. ಅವರು ಮರುದಿನವೇ ಬಂದು, "ಪ್ರಯೋಗದಾಗ ಸಿಕ್ಕಿದ್ದು ನೂರಕ್ಕ ಹನ್ನೆರಡ. ನಿನ್ನ ಪದವಿ ಹೋತು" ಎಂದರು.

ಅಷ್ಟರಲ್ಲಿ ಕವಡೆ ಅವರ ಕಣ್ಣಿಗೆ ಬಿದ್ದವು. ಹಾಕಿ ತೋರಿಸಿರೆಂದು ಅಜ್ಜಿಗೆ ಹೇಳಿದರು. ನಾಲ್ಕು ಬಿತ್ತು. ಮತ್ತೆ ನಾಲ್ಕು. ಆಮೇಲೆ ಎಂಟು.

"ಅರವತ್ತು ವರ್ಷ ಚೌಕಾಬಾರ ಆಡೀನಿ," ಎಂದರು ಅಜ್ಜಿ. "ಬೇಕಾದ್ದು ಬೀಳದಿದ್ರ ಅದೂ ಒಂದು ಕೈಯೇನ್ರಿ? ಹುಡುಗ ಪಾಸಾಗ್ಲಿ ಅಂತ ಹಾಕೀನಿ."

ಗುರುಗಳು ಕವಡೆ ಕಸಿದು, ಆಟವೇ ಬಾರದ ನನ್ನ ಕೈಗೆ ಕೊಟ್ಟರು. ನೂರು ಸಲ ಹಾಕಿದೆ. ಸಿಕ್ಕಿದ್ದು ಹದಿಮೂರು! "ಭೇಷ್, ಪದವಿ ಉಳೀತು!" ಎಂದು ಗುರುಗಳು ಬೆನ್ನು ಚಪ್ಪರಿಸಿದರು. ನಾನು ಕುಣಿದಾಡಿದೆ.

ಅಜ್ಜಿ ಮಾತ್ರ ತಲೆಗೆ ಕೈ ಹಚ್ಚಿದರು. "ಒಂದು ಹೆಚ್ಚಾತಲ್ಲೋ ಹುಚ್ಚಪ್ಪಾ! ತಾ ಇಲ್ಲೆ ಕವಡಿ, ಹನ್ನೆರಡಕ್ಕ ತಂದು ನಿಂದ್ರಸ್ತೀನಿ!"